ಬಳಗದ ಗಮನವೆಲ್ಲ ತೆಂಕು–ಬಡಗಿಗೇ: ಮೂಡಲಪಾಯ, ದೊಡ್ಡಾಟಗಳಿಗೆ ಜಾಗ ಮಾಡುವುದು ಹೇಗೆ?

ತೆರೆ_ಹಿಡಿಯುವವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಯಕ್ಷಗಾನ–ಬಯಲಾಟದ ಚರ್ಚಾಬಳಗವೊಂದರ ನಿರ್ವಾಹಕರ ಪರವಾಗಿ ಕೇಳುತ್ತಿದ್ದೇನೆ. ಬಳಗ ನಡೆಯುವುದು ಡಿಸ್ಕೋರ್ಸ್ ಎಂಬ ಚರ್ಚಾವೇದಿಕೆಯ ತಂತ್ರಾಂಶದಲ್ಲಿ. ಹೆಸರಿನಲ್ಲಿ ‘ಬಯಲಾಟ’ ಎಂದಿದೆ. ಆದರೆ ಮುಖಪುಟ ತೆರೆದರೆ ಕರಾವಳಿ ಯಕ್ಷಗಾನದ ಎರಡು ತಿಟ್ಟುಗಳಾದ ತೆಂಕು, ಬಡಗುಗಳದ್ದೇ ಮಾತು: ತೆಂಕಿನ ಕೆಲವು ಮೇಳಗಳು, ಬಡಗಿನ ಡೇರೆ ಮೇಳಗಳು, ಬೆರಳೆಣಿಕೆಯಷ್ಟು ಭಾಗವತರು (ಹಾಡುಗಾರರು), ಪುಂಡುವೇಷದವರು (ಚುರುಕು ಕುಣಿತದ ಯುವಪಾತ್ರದವರು), ಸ್ತ್ರೀವೇಷದವರು ಇಷ್ಟೇ ಕಾಣುತ್ತಾರೆ. ತುಮಕೂರು, ಮಂಡ್ಯ, ಹಾಸನದ ಕಡೆಯ ಮೂಡಲಪಾಯ ಯಕ್ಷಗಾನ, ಬಳ್ಳಾರಿ–ಕೊಪ್ಪಳ–ಬಾಗಲಕೋಟೆಯ ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ ಇವುಗಳ ಬಗ್ಗೆ ಯಾರಾದರೂ ಬರೆದರೆ ಒಂದೆರಡು ಮೆಚ್ಚುಗೆ ಬೀಳುತ್ತದೆ, ಉತ್ತರ ಬರುವುದಿಲ್ಲ, ಮರುದಿನ ವಿಷಯ ಎರಡನೇ ಪುಟಕ್ಕೆ ಜಾರುತ್ತದೆ. ಬರೆದವರು ಮತ್ತೆ ಬರೆಯುವುದಿಲ್ಲ.

ತೆಂಕು–ಬಡಗಿನ ಅಭಿಮಾನಿಗಳನ್ನು ತಡೆಯುವ ಉದ್ದೇಶ ನಮಗಿಲ್ಲ, ಬಳಗ ನಿಂತಿರುವುದೇ ಅವರಿಂದ. ತಿಳಿಯಬೇಕಾದದ್ದು ಮೂರು ವಿಚಾರ. ಅಸಮತೋಲ ಎಷ್ಟಿದೆ ಎಂದು ಅಳೆಯುವುದು ಹೇಗೆ? ಕಡಿಮೆ ಗಮನದ ಪ್ರಕಾರಗಳಿಗೆ ಬೇರೆ ವಿಭಾಗ ಕೊಡಬೇಕೋ, ಒಂದೇ ಅಂಗಳದಲ್ಲಿ ಇರಿಸಬೇಕೋ? ತಂತ್ರಾಂಶದಲ್ಲಿ ಏನನ್ನು ಬದಲಿಸಬಹುದು? ಹಳ್ಳಿಯ ಕಲಾವಿದರನ್ನು ಕರೆತಂದ ಮೇಲೆ ಅವರು ಉಳಿಯುವಂತೆ ಮಾಡಲು ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಲೆಕ್ಕದ_ಕಡತ

ಮೊದಲು ಅಳತೆ. ಬರಹಗಳ ಒಟ್ಟು ಸಂಖ್ಯೆ ನಂಬಬೇಡಿ. ಇಬ್ಬರು ಒಬ್ಬರಿಗೊಬ್ಬರು ನಲವತ್ತು ಸಲ ಉತ್ತರ ಕೊಟ್ಟರೂ ಲೆಕ್ಕಕ್ಕೆ ಅದು ನಲವತ್ತೇ. ನಾಲ್ಕು ವಾರದ ಅವಧಿ ಹಿಡಿದು ಪ್ರತಿ ಪ್ರಕಾರಕ್ಕೆ ನಾಲ್ಕು ಅಂಕಿ ತೆಗೆಯಿರಿ: ಹೊಸ ವಿಷಯಗಳೆಷ್ಟು, ಅವುಗಳನ್ನು ಬರೆದ ಬೇರೆ ಬೇರೆ ಜನರೆಷ್ಟು, ಮೊದಲ ಉತ್ತರಕ್ಕೆ ಹಿಡಿದ ಗಂಟೆ ಎಷ್ಟು, ಉತ್ತರವೇ ಬರದ ವಿಷಯಗಳ ಪಾಲು ಎಷ್ಟು. ಗಂಟೆಗೆ ಸರಾಸರಿ ತೆಗೆದುಕೊಳ್ಳಬೇಡಿ, ಮಧ್ಯಮ ಅಂಕಿ (ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು) ತೆಗೆದುಕೊಳ್ಳಿ. ಮೂರು ತಿಂಗಳ ನಂತರ ಉತ್ತರ ಬಂದ ಒಂದೇ ವಿಷಯ ಸರಾಸರಿಯನ್ನು ಪೂರ್ತಿ ಕೆಡಿಸಿಬಿಡುತ್ತದೆ.

ಡಿಸ್ಕೋರ್ಸಿನ ನಿರ್ವಾಹಕರ ವರದಿಗಳಲ್ಲಿ ಮೊದಲ ಉತ್ತರದ ಸಮಯ ಮತ್ತು ಉತ್ತರವಿಲ್ಲದ ವಿಷಯಗಳು ಎಂಬ ಎರಡು ವರದಿ ಸಿದ್ಧವಾಗಿಯೇ ಇವೆ, ವಿಭಾಗವಾರು ಸೋಸಲೂ ಬರುತ್ತದೆ. ಬೇರೆ ಬೇರೆ ಲೇಖಕರ ಎಣಿಕೆಗೆ ಡೇಟಾ ಎಕ್ಸ್‌ಪ್ಲೋರರ್ ಪ್ಲಗಿನ್ (ದತ್ತಾಂಶಕ್ಕೆ ನೇರ ಪ್ರಶ್ನೆ ಹಾಕುವ ಸೇರ್ಪಡೆ) ಬೇಕು.

ಒಟ್ಟು ಚಿತ್ರವನ್ನು ಒಂದೇ ಅಂಕಿಯಲ್ಲಿ ನೋಡಲು ಒಂದು ಸರಳ ಲೆಕ್ಕವಿದೆ. ಪ್ರತಿ ಪ್ರಕಾರದ ಪಾಲನ್ನು ದಶಮಾಂಶದಲ್ಲಿ ಬರೆದು, ವರ್ಗ ಮಾಡಿ, ಎಲ್ಲ ಕೂಡಿಸಿ, ಆ ಮೊತ್ತದಿಂದ 1ನ್ನು ಭಾಗಿಸಿ. ಉದಾಹರಣೆಗೆ ನೂರು ವಿಷಯಗಳಲ್ಲಿ ತೆಂಕು 50, ಬಡಗು 40, ಮೂಡಲಪಾಯ 4, ದೊಡ್ಡಾಟ 4, ಸಣ್ಣಾಟ 2 ಎಂದಿಟ್ಟುಕೊಳ್ಳಿ. ವರ್ಗಗಳ ಮೊತ್ತ 0.4136, ಉತ್ತರ 2.4. ಹೆಸರಿಗೆ ಐದು ಪ್ರಕಾರ, ನಿಜವಾಗಿ ಮಾತು ನಡೆಯುತ್ತಿರುವುದು ಎರಡೂವರೆಗಿಂತ ಕಡಿಮೆ ಪ್ರಕಾರಗಳ ಮೇಲೆ ಎಂದರ್ಥ. ಅದೇ ಪಾಲು 40, 30, 12, 10, 8 ಆದರೆ ಉತ್ತರ 3.6ರ ಹತ್ತಿರ ಬರುತ್ತದೆ. ಇಲ್ಲಿ ತೆಂಕು ಮೊದಲನೆಯ ಸ್ಥಾನದಲ್ಲೇ ಇದೆ, ಬಡಗು ಎರಡನೆಯದರಲ್ಲೇ ಇದೆ. ಐದಕ್ಕೆ ಐದು ಬರಲಿ ಎಂಬ ಗುರಿ ಇಟ್ಟುಕೊಳ್ಳಬೇಡಿ, ಆ ಗುರಿ ತಪ್ಪು. ಅಭಿಮಾನಿಗಳ ಸಂಖ್ಯೆಯೇ ಸಮವಾಗಿಲ್ಲದಿರುವಾಗ ಮಾತು ಸಮವಾಗಿರಬೇಕೆಂದು ಹಟ ಹಿಡಿದರೆ ನಿರ್ವಾಹಕರೇ ಕೂತು ಸುಳ್ಳು ವಿಷಯ ಬರೆಯಬೇಕಾಗುತ್ತದೆ. ಉತ್ತರವಿಲ್ಲದ ವಿಷಯಗಳ ಪಾಲು ಎಲ್ಲ ಪ್ರಕಾರಗಳಲ್ಲೂ ಹತ್ತಿರ ಹತ್ತಿರ ಇರಬೇಕು ಎಂಬುದು ನ್ಯಾಯವಾದ ಗುರಿ.

ಈಗ ಕಾರಣಕ್ಕೆ ಬರೋಣ. ಡಿಸ್ಕೋರ್ಸಿನ ‘ಇತ್ತೀಚಿನ’ ಪಟ್ಟಿ ಕೊನೆಯ ಉತ್ತರದ ಹೊತ್ತನ್ನು ನೋಡಿ ಜೋಡಿಸುತ್ತದೆ. ಇನ್ನೂರು ಉತ್ತರದ ವಿಷಯಕ್ಕೆ ‘ಅದ್ಭುತ ಪದ್ಯ’ ಎಂದು ಎರಡು ಪದ ಸೇರಿದರೂ ಅದು ಮೇಲಕ್ಕೆ ಬರುತ್ತದೆ. ನವೆಂಬರಿನಿಂದ ಮೇವರೆಗೆ ಮೇಳಗಳ ತಿರುಗಾಟ ಇರುವಾಗ ದಿನಕ್ಕೊಂದು ಆಟ, ಪ್ರತಿ ಆಟಕ್ಕೊಂದು ಹೊಸ ವಿಷಯ, ಹೀಗೆ ಮುಖಪುಟದ ಮೂವತ್ತು ಸಾಲೂ ತುಂಬಿಹೋಗುತ್ತವೆ. ಇದಕ್ಕೆ ಮದ್ದು: ‘ಈ ವಾರದ ಆಟಗಳು – ತೆಂಕು’, ‘ಈ ವಾರದ ಆಟಗಳು – ಬಡಗು’ ಎಂದು ವಾರಕ್ಕೆ ಎರಡೇ ವಿಷಯ ತೆರೆದು, ಆಟ ಮುಗಿದ ರಾತ್ರಿಯ ಅನಿಸಿಕೆಗಳೆಲ್ಲ ಅಲ್ಲೇ ಬರಲಿ ಎಂದು ಹೇಳಿ. ಏಳನೆಯ ದಿನ ತಾನಾಗಿ ಮುಚ್ಚುವಂತೆ ಗಡಿಯಾರ ಹಾಕಿ. ಯಾರ ಮಾತನ್ನೂ ಕತ್ತರಿಸಿದಂತಾಗುವುದಿಲ್ಲ, ಆದರೆ ಇಪ್ಪತ್ತು ಸಾಲಿನ ಜಾಗದಲ್ಲಿ ಎರಡು ಸಾಲು ಉಳಿಯುತ್ತವೆ. ದೀರ್ಘ ವಿಮರ್ಶೆ ಬರೆಯುವವರಿಗೆ ಮಾತ್ರ ಬೇರೆ ವಿಷಯ ತೆರೆಯಲು ಬಿಡಿ.

ಮತಗಳ ಮೇಲೆ ಜೋಡಿಸುವ ತಾಣಕ್ಕೆ ಹೋಗೋಣ ಎಂದು ಯಾರಾದರೂ ಸೂಚಿಸಿದರೆ ಅಲ್ಲಿನ ಲೆಕ್ಕವೂ ಗೊತ್ತಿರಲಿ. ರೆಡಿಟ್ ಬಹಿರಂಗಪಡಿಸಿದ್ದ ಹಳೆಯ ‘ಹಾಟ್’ ಸೂತ್ರದಲ್ಲಿ ಮತಗಳ ಹತ್ತರ ಆಧಾರದ ಲಾಗರಿದಮ್‌ಗೆ, ಬರಹ ಬಂದ ಹೊತ್ತಿನ ಸೆಕೆಂಡುಗಳನ್ನು 45000ದಿಂದ ಭಾಗಿಸಿದ ಅಂಕಿ ಸೇರುತ್ತದೆ. 45000 ಸೆಕೆಂಡು ಎಂದರೆ ಹನ್ನೆರಡೂವರೆ ಗಂಟೆ. ಹತ್ತು ಮತದ ದೊಡ್ಡಾಟದ ಬರಹ ನೂರು ಮತದ ತೆಂಕಿನ ಬರಹಕ್ಕೆ ಸರಿಸಮ ನಿಲ್ಲಬೇಕಾದರೆ ಅದಕ್ಕಿಂತ ಹನ್ನೆರಡೂವರೆ ಗಂಟೆ ತಡವಾಗಿ ಬಂದಿರಬೇಕು, ಸಾವಿರ ಮತದ ಎದುರಿಗಾದರೆ 25 ಗಂಟೆ. ಆ ಸೂತ್ರಕ್ಕೆ ಪ್ರಕಾರ ಯಾವುದು ಎಂಬ ಅರಿವಿಲ್ಲ, ಗುಂಪು ದೊಡ್ಡದೋ ಚಿಕ್ಕದೋ ಎಂಬ ಅರಿವೂ ಇಲ್ಲ. ಸಣ್ಣ ಅಭಿಮಾನಿ ಬಳಗಗಳಿಗೆ ಮತಪಟ್ಟಿ ಇನ್ನೂ ಕಷ್ಟ.

ಮುಖವೀಣೆ

ಲೆಕ್ಕದ ಮಾತು ಸರಿಯಿದೆ. ಆದರೆ ಮೂಡಲಪಾಯದ ವಿಷಯಕ್ಕೆ ಉತ್ತರ ಬಾರದಿರಲು ಮುಖ್ಯ ಕಾರಣ ಪಟ್ಟಿಯ ಜೋಡಣೆ ಅಲ್ಲ. ಓದಿದವರಿಗೆ ಹಿಡಿದುಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ‘ನಮ್ಮೂರಿನ ಅದ್ಭುತ ಕಲೆ, ಉಳಿಸಿ ಬೆಳೆಸೋಣ’ ಎಂಬ ಒಂದು ಸಾಲು, ಕೆಳಗೆ ಕಿರೀಟ ಕಟ್ಟಿಕೊಂಡ ವೇಷದ ಚಿತ್ರ. ಇದಕ್ಕೆ ಕೈಮುಗಿಯಬಹುದು, ಉತ್ತರ ಬರೆಯುವುದು ಹೇಗೆ? ತೆಂಕಿನ ಅಭಿಮಾನಿ ಬರೆಯುವಾಗ ಪ್ರಸಂಗ, ಭಾಗವತರು, ಯಾವ ಪದ್ಯ, ಯಾವ ರಾಗ, ಮದ್ದಳೆ ಯಾರು ಎಲ್ಲವನ್ನೂ ಬರೆಯುತ್ತಾನೆ. ಅದಕ್ಕೇ ಅಲ್ಲಿ ಜಗಳವೂ ಆಗುತ್ತದೆ, ಮಾತೂ ಬೆಳೆಯುತ್ತದೆ.

ಡಿಸ್ಕೋರ್ಸಿನಲ್ಲಿ ವಿಭಾಗಕ್ಕೊಂದು ಮಾದರಿ ನಮೂನೆ ಇಡಬಹುದು, ಹೊಸ ವಿಷಯ ತೆರೆದ ಕೂಡಲೇ ಅದು ಬರೆಯುವ ಪೆಟ್ಟಿಗೆಯಲ್ಲಿ ಕಾಣುತ್ತದೆ. ಮೂಡಲಪಾಯಕ್ಕೆ ಇಷ್ಟು ಸಾಲು ಸಾಕು: ಪ್ರಸಂಗ, ಊರು, ತಾಲ್ಲೂಕು, ಆಟದ ದಿನ, ಯಾವ ಹಬ್ಬ ಅಥವಾ ಜಾತ್ರೆ, ಭಾಗವತರು, ಮುಖವೀಣೆ (ಊದುವ ಸಣ್ಣ ವಾದ್ಯ), ಮದ್ದಳೆ, ಹಾರ್ಮೋನಿಯಂ ಯಾರದು, ಪಾತ್ರಧಾರಿಗಳು, ಶುರುವಾದದ್ದು, ಮುಗಿದದ್ದು ಎಷ್ಟು ಹೊತ್ತಿಗೆ, ಕೊನೆಯಲ್ಲಿ ‘ಓದುಗರಿಗೆ ನಿಮ್ಮ ಒಂದು ಪ್ರಶ್ನೆ’. ಈ ಕೊನೆಯ ಸಾಲನ್ನು ಬಿಡಬೇಡಿ, ಉತ್ತರ ಹುಟ್ಟುವುದು ಅಲ್ಲಿಂದ. ಇದಕ್ಕಿಂತ ಉದ್ದವಾದರೆ ನಮೂನೆಯನ್ನು ಅಳಿಸಿ ಮನಬಂದಂತೆ ಬರೆಯುತ್ತಾರೆ.

ಇನ್ನೊಂದು, ಸೇತುವೆಯಂಥ ವಿಷಯಗಳು. ‘ಮೂಡಲಪಾಯದ ಬಗ್ಗೆ ನಿಮಗೆ ಏನು ಗೊತ್ತು’ ಎಂದು ಕೇಳಿದರೆ ಕರಾವಳಿಯವರು ಸುಮ್ಮನಿರುತ್ತಾರೆ. ಕರ್ಣಾರ್ಜುನ ಕಾಳಗದಲ್ಲಿ ಕರ್ಣನ ಪ್ರವೇಶ ನಿಮ್ಮಲ್ಲಿ ಹೇಗೆ, ಇಲ್ಲಿ ಹೇಗೆ ಎಂದು ಕೇಳಿ ನೋಡಿ, ಅವರಿಗೂ ಹೇಳಲು ಇರುತ್ತದೆ. ಹೋಲಿಸಲು ಆಗುವಂಥ ವಿಚಾರ ಬೇಕಾದಷ್ಟಿವೆ. ಮೂಡಲಪಾಯದಲ್ಲಿ ಚೆಂಡೆ ಇಲ್ಲ, ಮುಖವೀಣೆ ಇದೆ. ಚೆಂಡೆಯ ಏರು ಕೊಡುವ ಕೆಲಸವನ್ನು ಇಲ್ಲಿ ಯಾವುದು ಮಾಡುತ್ತದೆ? ಭುಜಕೀರ್ತಿ, ಎದೆಯ ಕಟ್ಟು ಮುಂತಾದ ಆಭರಣಗಳು ಮರದವು. ಆ ಭಾರ ಹೊತ್ತು ಕುಣಿಯುವಾಗ ಹೆಜ್ಜೆ ಹೇಗೆ ಬದಲಾಗುತ್ತದೆ? ನಗಿಸುವ ಕೋಡಂಗಿಗೂ ಕರಾವಳಿಯ ಹಾಸ್ಯಗಾರರಿಗೂ ಕೆಲಸದಲ್ಲಿ ಏನು ವ್ಯತ್ಯಾಸ? ವಾರಕ್ಕೆ ಇಂಥ ಒಂದು ವಿಷಯ ಸಾಕು. ಎರಡಾದರೆ ಪರೀಕ್ಷೆಯ ಪ್ರಶ್ನೆಪತ್ರಿಕೆಯಂತೆ ಕಾಣುತ್ತದೆ.

ಬೇರೆ ವಿಭಾಗ ಬೇಕೇ ಎಂದು ಕೇಳಿದ್ದೀರಿ. ಜನ ಕೂಡುವ ಮೊದಲು ಬೇಡ. ಖಾಲಿ ವಿಭಾಗಕ್ಕೆ ಬಂದವರು ಕೊನೆಯ ಬರಹ ಎಂಟು ತಿಂಗಳ ಹಿಂದಿನದು ಎಂದು ನೋಡಿ ಹಾಗೇ ಹೊರಟುಹೋಗುತ್ತಾರೆ. ಮೊದಲು ಸಾಮಾನ್ಯ ಅಂಗಳದಲ್ಲೇ ಟ್ಯಾಗ್ ಹಾಕಿ ಬೆಳೆಸಿ. ನಾಲ್ಕು ವಾರಕ್ಕೆ ಐದು ಜನ ಬೇರೆ ಬೇರೆ ಲೇಖಕರು, ಎಂಟು ಹೊಸ ವಿಷಯ ದಾಟಿದರೆ ವಿಭಾಗ ಕೊಡಿ. ನಮೂನೆಗೆ ವಿಭಾಗ ಬೇಕೇ ಬೇಕಲ್ಲ ಎಂದರೆ, ಅಲ್ಲಿಯವರೆಗೆ ‘ಬಯಲಾಟ ವರದಿ’ ಎಂಬ ಒಂದೇ ವಿಭಾಗ ಮಾಡಿ ಎಲ್ಲ ಪ್ರಕಾರಗಳಿಗೂ ಅದೇ ನಮೂನೆ ಇಡಿ. ಮುಖವೀಣೆ ಇಲ್ಲದ ಕಡೆ ಆ ಸಾಲು ಅಳಿಸಿಕೊಳ್ಳುತ್ತಾರೆ.

ಮೂಡಲಪಾಯ ಎಂಬ ಹೆಸರನ್ನು ವಿದ್ವಾಂಸರು ಹೆಚ್ಚು ಬಳಸುತ್ತಾರೆ. ಆ ವಲಯದಲ್ಲಿ ಜೀ.ಶಂ. ಪರಮಶಿವಯ್ಯನವರಂಥವರ ಕೆಲಸದಿಂದ ಅದು ನೆಲೆಯಾಯಿತು. ಊರಿನವರು ‘ಬಯಲಾಟ’, ‘ಆಟ’, ‘ಕುಣಿತ’ ಎಂದೇ ಬರೆಯುವುದುಂಟು. ‘ನೀವು ತಪ್ಪು ಹೆಸರು ಹಾಕಿದ್ದೀರಿ’ ಎಂದು ಮೊದಲ ಉತ್ತರದಲ್ಲೇ ತಿದ್ದಬೇಡಿ. ಟ್ಯಾಗನ್ನು ನೀವೇ ಸದ್ದಿಲ್ಲದೆ ಸೇರಿಸಿ.

ಅಚ್ಚುಮೊಳೆ

ಟ್ಯಾಗಿನ ಮಾತು ಬಂದದ್ದರಿಂದ ಇದನ್ನು ಹೇಳಲೇಬೇಕು. ಕಡಿಮೆ ಗಮನ ಸಿಗುವ ಪ್ರಕಾರಗಳು ಹುಡುಕಾಟದಲ್ಲಿ ಸಿಗದೆ ಹೋಗುವುದಕ್ಕೆ ಅರ್ಧ ಕಾರಣ ಕಾಗುಣಿತ. ವೇಷ, ಕುಣಿತವಿಲ್ಲದೆ ಕೂತು ಹಾಡು–ಮಾತಿನಲ್ಲೇ ನಡೆಸುವ ಪ್ರಕಾರಕ್ಕೆ ತಾಳಮದ್ದಳೆ, ತಾಳಮದ್ದಲೆ, ತಾಳ ಮದ್ದಳೆ ಎಂದು ಮೂರು ಬಗೆ. ದೊಡ್ಡಾಟ, ದೊಡ್ಡ ಆಟ, ದೊಡ್ಡಾಟ್. ಪಾರಿಜಾತ, ಕೃಷ್ಣಪಾರಿಜಾತ, ಶ್ರೀಕೃಷ್ಣ ಪಾರಿಜಾತ. ಹತ್ತು ಬರಹಗಳು ಮೂರು ಹೆಸರಿಗೆ ಹಂಚಿಹೋದರೆ ಯಾವುದೂ ಜನಪ್ರಿಯ ಟ್ಯಾಗಿನ ಪಟ್ಟಿಗೆ ಏರುವುದಿಲ್ಲ. ನೂರು ಬರಹ ಇರುವ ತೆಂಕುತಿಟ್ಟಿಗೆ ಅಷ್ಟೇ ಹಂಚಿಕೆಯಾದರೂ ಪೆಟ್ಟು ಬೀಳುವುದಿಲ್ಲ. ಡಿಸ್ಕೋರ್ಸಿನಲ್ಲಿ ಟ್ಯಾಗಿಗೆ ಸಮಾನಾರ್ಥಕಗಳನ್ನು ಜೋಡಿಸುವ ಸೌಲಭ್ಯವಿದೆ. ಯಾರು ಯಾವ ರೂಪ ಹಾಕಿದರೂ ಮೂಲ ಟ್ಯಾಗಿಗೆ ಸೇರುತ್ತದೆ. ಹೊಸ ಟ್ಯಾಗ್ ಹುಟ್ಟಿಸುವ ಅನುಮತಿಯನ್ನು ಹಳೆಯ ಸದಸ್ಯರಿಗೆ ಮಾತ್ರ ಇಡಿ, ಇಲ್ಲವಾದರೆ ವಾರಕ್ಕೊಮ್ಮೆ ಗುಡಿಸುತ್ತ ಕೂರಬೇಕು.

ಕಣ್ಣಿಗೆ ಕಾಣದ ತೊಂದರೆ ಇನ್ನೊಂದಿದೆ. ‘ದೊಡ್ಡಾಟ’ದ ಮೊದಲ ಅಕ್ಷರದ ಒತ್ವವನ್ನು ಯುನಿಕೋಡಿನಲ್ಲಿ ಎರಡು ಬಗೆಯಲ್ಲಿ ಇಡಬಹುದು: ಇಡೀ ಒತ್ವಕ್ಕೆ ಒಂದೇ ಸಂಕೇತ, ಅಥವಾ ಎತ್ವ ಮತ್ತು ಊತ್ವ ಎರಡನ್ನು ಸೇರಿಸಿದ ಜೋಡಿ. ಪರದೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಕಡತಗಳನ್ನು ಪರಿವರ್ತಕದಿಂದ ಯುನಿಕೋಡಿಗೆ ತಂದಾಗ ಜೋಡಿ ರೂಪ ನುಸುಳಬಹುದು. ಸಾಮಾನ್ಯೀಕರಣ ಮಾಡದ, ಅಂದರೆ ಎರಡು ರೂಪವನ್ನು ಒಂದಾಗಿಸದ, ತಂತ್ರಾಂಶದಲ್ಲಿ ‘ದೊಡ್ಡಾಟ’ ಹುಡುಕಿದರೆ ಆ ಬರಹಗಳು ಸಿಗುವುದೇ ಇಲ್ಲ. ಪರೀಕ್ಷೆ ಸುಲಭ: ಸಂಶಯವಿರುವ ಬರಹದಿಂದ ಪದವನ್ನು ನಕಲಿಸಿ ಹುಡುಕಿ, ಆಮೇಲೆ ಅದೇ ಪದವನ್ನು ಕೀಲಿಮಣೆಯಿಂದ ಹೊಸದಾಗಿ ಬರೆದು ಹುಡುಕಿ. ಫಲಿತಾಂಶದ ಸಂಖ್ಯೆ ಬೇರೆ ಬಂದರೆ ಎಲ್ಲ ಪಠ್ಯವನ್ನು ಎನ್‌ಎಫ್‌ಸಿ ಎಂಬ ಒಂದೇ ಸಂಕೇತದ ರೂಪಕ್ಕೆ ತರಬೇಕು. ಹೊರಗಿನಿಂದ ಅಂಟಿಸುವ ದೊಡ್ಡ ಪಠ್ಯಗಳಿಗೆ, ಮುಖ್ಯವಾಗಿ ಪ್ರಸಂಗಪಠ್ಯಗಳಿಗೆ, ಅಂಟಿಸುವ ಮುನ್ನವೇ ಇದನ್ನು ಮಾಡಿ. ಕಣ್ಣಿಗೆ ಕಾಣದ ಜೋಡಕಗಳಿಂದಲೂ (ಅಕ್ಷರಗಳನ್ನು ಕೂಡಿಸುವ, ಬಿಡಿಸುವ ಸಂಕೇತಗಳು) ಇದೇ ಬಗೆಯ ತೊಡಕು; ‘ಅರ್ಥಗಾರಿಕೆ’ಯ ಅರ್ಕಾವತ್ತನ್ನು ಬಿಡಿಸಿ ಬರೆಯುವವರ ಪಠ್ಯದಲ್ಲಿ ಅದು ಕೂತಿರುತ್ತದೆ.

ಬೆಳವಡಿ_ಹಲಗೆ

ನಮಸ್ಕಾರ್ರೀ. ದೊಡ್ಡಾಟದ ಮಂದಿ ಬರಿಯೂದಿಲ್ಲ ಅಂತ ಯಾರೂ ಅನಬ್ಯಾಡ್ರಿ. ಅವರು ಬರಿಯೂದಿಲ್ಲ ಖರೆ, ಮಾತಾಡ್ತಾರ. ವಾಟ್ಸ್ಯಾಪಿನಾಗ ಐದೈದು ನಿಮಿಷದ ಧ್ವನಿ ಕಳಸ್ತಾರ, ಹಾಡಿ ತೋರಸ್ತಾರ, ಸಾರಥಿ ಹೆಂಗ ಕೇಳ್ತಾನ, ಪಾತ್ರ ಹೆಂಗ ಉತ್ತರ ಕೊಡ್ತದ ಅಂತ ಪೂರಾ ವಚನ ಹೇಳ್ತಾರ. ನಿಮ್ಮ ಬಳಗದಾಗ ಧ್ವನಿ ಹಾಕಾಕ ಜಾಗಾನ ಇಲ್ಲಂದ್ರ ಅವರು ಹೆಂಗ ಬರಬೇಕು?

ಮಾಡೂದು ಹೆಂಗಂದ್ರ, ನಿರ್ವಾಹಕರ ಸೆಟಿಂಗಿನಾಗ ಅನುಮತಿ ಇರೂ ಕಡತದ ಬಗೆಗಳ ಪಟ್ಟಿ ಇರ್ತದ. ಅದರಾಗ ಎಂಪಿತ್ರೀ, ಎಂ4ಎ, ಓಗ್, ಒಪಸ್ ಸೇರಸ್ರಿ. ವಾಟ್ಸ್ಯಾಪಿನ ಧ್ವನಿ ಒಪಸ್‌ನಾಗ ಇರ್ತದ, ಭಾಳ ಸಣ್ಣ ಕಡತ. ಡಿಸ್ಕೋರ್ಸಿನ ಮೂಲ ಮಿತಿ 4096 ಕಿಲೋಬೈಟ್ ಇದ್ರೂ ಒಪಸ್‌ನಾಗ ಹತ್ತು ನಿಮಿಷದ ಮಾತು ಆರಾಮ ಹಿಡಿಸ್ತದ. ಒಂದ ತ್ರಾಸ ಅದ: ಹಳೆ ಐಫೋನಿನಾಗ ಒಪಸ್ ನುಡಿಯೂದಿಲ್ಲ. ಅದಕ್ಕ ಹಾಕೂ ಮುಂದ ಎಂಪಿತ್ರೀ ಮಾಡಿ ಹಾಕ್ರಿ, ಮಾತಿಗೆ 64 ಕಿಲೋಬಿಟ್ ಸಾಕು, ಹಾಡಿಗೆ 128 ಇಡ್ರಿ. ಆ ಮಿತಿಯೊಳಗ 64ರಾಗ ಎಂಟು ನಿಮಿಷ, 128ರಾಗ ನಾಕು ನಿಮಿಷ ಹಿಡಿಸ್ತದ.

ಧ್ವನಿ ಕೆಳಗ ಅದರ ಸಾರ ನಾಕು ಸಾಲು ಯಾರರೆ ಟೈಪ್ ಮಾಡ್ಬೇಕು. ಇಲ್ಲಂದ್ರ ಹುಡುಕಿದ್ರ ಸಿಗೂದಿಲ್ಲ, ಕೇಳಾಕ ಪುರಸೊತ್ತಿಲ್ಲದವರು ದಾಟಿ ಹೋಗ್ತಾರ. ಪೂರಾ ಬರಿಯೂದಾದ್ರ ಒಂದು ತಾಸಿನ ಧ್ವನಿಗೆ ನಾಕರಿಂದ ಆರು ತಾಸು ಹಿಡೀತದ, ಹಾಡಿನ ಭಾಗಕ್ಕ ಇನ್ನೂ ಹೆಚ್ಚು. ಹಿಂಗಾಗಿ ಎಲ್ಲಾ ಬರಿಯಾಕ ಹೋಗಬ್ಯಾಡ್ರಿ. ಪಾತ್ರದ ಪ್ರವೇಶ, ಒಂದು ಹಾಡು, ಒಂದು ವಚನ ಇಷ್ಟ ಬರದ್ರ ಸಾಕು. ಬರೆಯೂವಾಗ ಅವರ ಮಾತು ಅವರ ಮಾತಿನಾಗ ಇರಲಿ. ‘ಬಂದೇನಿ’ ಅಂದದ್ದನ್ನ ‘ಬಂದಿದ್ದೇನೆ’ ಮಾಡಬ್ಯಾಡ್ರಿ. ಉತ್ತರ ಕರ್ನಾಟಕದ ಮಾತು ತಿದ್ದಿಸಿಕೊಂಡವ ಎರಡನೇ ಸಲ ಬಾಯಿ ತಗಿಯೂದಿಲ್ಲ.

ಯಾರನ್ನ ಕರೀಬೇಕು ಅಂತ ಗೊತ್ತಾಗಲಿಲ್ಲಂದ್ರ, ಬಾಗಲಕೋಟೆಯ ಕರ್ನಾಟಕ ಬಯಲಾಟ ಅಕಾಡೆಮಿ ಪ್ರಶಸ್ತಿ ಪಟ್ಟಿ ಹೊರಡಸ್ತದ. ಹೆಸರು, ಜಿಲ್ಲಾ, ಪ್ರಕಾರ ಅದರಾಗ ಇರ್ತಾವ. ಪಾರಿಜಾತದಿಂದ ಸುರು ಮಾಡೂದು ಚಲೋ, ಯಾಕಂದ್ರ ಪಾರಿಜಾತಕ್ಕ ಹೆಸರಾದ ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಇವರ ಹೆಸರು ಕರಾವಳಿಯ ಓದುಗರೂ ಕೇಳಿರ್ತಾರ. ಒಂದು ಪರಿಚಯದ ಹೆಸರು ಇದ್ರ ಉತ್ತರ ಬರ್ತದ.

ಒಪ್ಪಿಗಿ ಮರೀಬ್ಯಾಡ್ರಿ. ಹಾಡಿದವರು, ಆಡಿದವರು ಯಾರೋ ಅವರನ್ನ ಕೇಳಿ, ‘ಇದನ್ನ ಎಲ್ಲಾರೂ ಕೇಳೂ ಜಾಗಾದಾಗ ಹಾಕ್ತೇವಿ’ ಅಂತ ಹೇಳಿ, ‘ಹೂಂ’ ಅಂದದ್ದನ್ನ ಅದೇ ಧ್ವನಿಯಾಗ ಮೊದಲಿಗೆ ಹಿಡಿದಿಡ್ರಿ. ಕಲಾವಿದರಿಗೆ ತಮ್ಮ ಪ್ರದರ್ಶನದ ಮ್ಯಾಲ ಕಾನೂನಿನ ಹಕ್ಕು 50 ವರ್ಷ ಇರ್ತದ.

ಚೌಕಿಮನೆ

ಎಲ್ಲರ ಮಾತೂ ಉಪಯುಕ್ತವಾಗಿದೆ. ಒಂದು ಕಡೆ ಮಾತ್ರ ನನ್ನ ಅಭಿಪ್ರಾಯ ಬೇರೆ. ‘ತೆಂಕು–ಬಡಗು’ ಎಂದು ಎರಡನ್ನೂ ಒಂದೇ ಬುಟ್ಟಿಗೆ ಹಾಕಿ, ಅವಕ್ಕೆ ಬೇಕಾದಷ್ಟು ಗಮನ ಸಿಗುತ್ತಿದೆ ಎನ್ನುವುದು ಸರಿಯಲ್ಲ. ಗಮನ ಸಿಗುತ್ತಿರುವುದು ಅವುಗಳೊಳಗಿನ ಒಂದು ತುಂಡಿಗೆ. ದಿಗಿಣ (ಸುತ್ತಿ ಹಾರುವ ಕುಣಿತ) ಹಾಕುವ ಪುಂಡುವೇಷ, ಏರು ಶ್ರುತಿಯ ಪದ್ಯ, ಚೆಂಡೆಯ ಬಿಡ್ತಿಗೆ (ಬಡಿತದ ವಿನ್ಯಾಸ), ಇವು ಅರವತ್ತು ಸೆಕೆಂಡಿನ ತುಣುಕಿಗೆ ಹೊಂದುತ್ತವೆ. ಯೂಟ್ಯೂಬ್ 2024ರ ಅಕ್ಟೋಬರಿನಲ್ಲಿ ಶಾರ್ಟ್ಸ್‌ನ ಮಿತಿಯನ್ನು ಮೂರು ನಿಮಿಷಕ್ಕೆ ಏರಿಸಿದೆಯಾದರೂ ಬಣ್ಣದ ವೇಷದ (ರಕ್ಕಸರಂಥ ಉಗ್ರ ಪಾತ್ರದ) ತೆರೆಪೊರಪ್ಪಾಡು, ಅಂದರೆ ತೆರೆಯ ಹಿಂದಿನಿಂದ ಬರುವ ಪ್ರವೇಶ, ಅಷ್ಟರಲ್ಲಿ ಮುಗಿಯುವುದಿಲ್ಲ. ತೆರೆಯ ಹಿಂದಿನ ಆರ್ಭಟೆ, ತೆರೆ ಇಳಿಯುವ ಹಂತಗಳು, ನಡುವಿನ ಕಾಯುವಿಕೆ ಇವೇ ಅದರ ಜೀವ. ಕತ್ತರಿಸಿದರೆ ಉಳಿಯುವುದು ದೊಡ್ಡ ಕಿರೀಟದ ಒಂದು ಚಿತ್ರ ಮಾತ್ರ. ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕೂತು ಮುಖಕ್ಕೆ ಚುಟ್ಟಿ (ಉಬ್ಬಿದ ಬಿಳಿ ಚುಕ್ಕೆಗಳು) ಇಡುವ ಕೆಲಸದ ಬಗ್ಗೆ ಚರ್ಚೆ ಎಲ್ಲಿದೆ? ತಾಳಮದ್ದಳೆಯ ಅರ್ಥಗಾರಿಕೆಯೂ (ಪಾತ್ರಗಳ ಮಾತುಗಾರಿಕೆ) ಹೀಗೇ. ಹೆಸರಾಂತ ಅರ್ಥಧಾರಿಗಳಾದ ಶೇಣಿ ಗೋಪಾಲಕೃಷ್ಣ ಭಟ್ಟರ, ದೇರಾಜೆ ಸೀತಾರಾಮಯ್ಯನವರ ಹೆಸರು ಎಲ್ಲರೂ ಹೇಳುತ್ತಾರೆ, ಒಂದು ಸಂವಾದವನ್ನು ಮೊದಲಿನಿಂದ ಕೊನೆವರೆಗೆ ಹಿಡಿದು ವಾದದ ಎಳೆ ಬಿಡಿಸುವ ಬರಹ ಅಪರೂಪ. ಬಡಗಿನೊಳಗೆ ಹಾರಾಡಿ, ಮಟಪಾಡಿ ಶೈಲಿಗಳ ನಡುತಿಟ್ಟಿನ ಹೆಜ್ಜೆಗಳ ಕುರಿತ ಮಾತೂ ಅಪರೂಪವೇ.

ಆದ್ದರಿಂದ ಟ್ಯಾಗನ್ನು ಎರಡು ಸಾಲಿನಲ್ಲಿ ಇಡಿ. ಒಂದು ಪ್ರಕಾರಕ್ಕೆ: ತೆಂಕು, ಬಡಗು, ಮೂಡಲಪಾಯ, ದೊಡ್ಡಾಟ, ಸಣ್ಣಾಟ, ತಾಳಮದ್ದಳೆ. ಇನ್ನೊಂದು ಅಂಗಕ್ಕೆ: ಹಿಮ್ಮೇಳ, ಅರ್ಥ, ಬಣ್ಣಗಾರಿಕೆ, ವೇಷಭೂಷಣ, ಹೆಜ್ಜೆ, ಪ್ರಸಂಗಪಠ್ಯ, ಹಾಸ್ಯ. ಪ್ರತಿ ವಿಷಯಕ್ಕೆ ಎರಡರಿಂದಲೂ ಒಂದೊಂದು. ಲೆಕ್ಕದ_ಕಡತ ಅವರು ಹೇಳಿದ ಎಣಿಕೆಯನ್ನು ಎರಡೂ ಸಾಲಿಗೆ ಬೇರೆ ಬೇರೆ ಮಾಡಿದರೆ ನಿಜವಾದ ಬರ ಎಲ್ಲಿದೆ ಎಂದು ಕಾಣುತ್ತದೆ. ಇದರ ಲಾಭ ಇನ್ನೊಂದಿದೆ: ‘ವೇಷಭೂಷಣ’ದ ಟ್ಯಾಗ್ ಒತ್ತಿದವನಿಗೆ ತೆಂಕಿನ ಕಿರೀಟದ ಪಕ್ಕದಲ್ಲೇ ಮೂಡಲಪಾಯದ ಮರದ ಭುಜಕೀರ್ತಿ ಸಿಗುತ್ತದೆ. ಅಂಗದ ಮೂಲಕ ಬಂದ ಅಭಿಮಾನಿ ಪ್ರಕಾರದ ಗಡಿಯನ್ನು ತಾನಾಗಿ ದಾಟುತ್ತಾನೆ.

ದೀರ್ಘ ವಿಡಿಯೋ ಹಂಚುವವರಿಗೆ ಅಧ್ಯಾಯದ ಗುರುತು ಹಾಕಲು ಹೇಳಿ. ಯೂಟ್ಯೂಬಿನ ವಿವರಣೆಯಲ್ಲಿ ಮೊದಲ ಗುರುತು 0:00ಯಿಂದಲೇ ಶುರುವಾಗಬೇಕು, ಕನಿಷ್ಠ ಮೂರು ಇರಬೇಕು, ಏರಿಕೆಯ ಕ್ರಮದಲ್ಲಿರಬೇಕು, ಒಂದೊಂದೂ ಹತ್ತು ಸೆಕೆಂಡಿಗಿಂತ ಕಡಿಮೆ ಇರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಇಡೀ ಪಟ್ಟಿ ಕೆಲಸ ಮಾಡುವುದಿಲ್ಲ. 0:00 ಬಿಟ್ಟು ‘ಒಡ್ಡೋಲಗ’ದಿಂದ (ಪಾತ್ರಗಳ ಮೊದಲ ಪ್ರವೇಶ) ಶುರು ಮಾಡುವುದರಿಂದ ಹೆಚ್ಚಿನವರು ಎಡವುತ್ತಾರೆ. ಆರು ಗಂಟೆಯ ಆಟಕ್ಕೆ ಹದಿನೈದು–ಇಪ್ಪತ್ತು ಗುರುತು ಸಾಕು. ಚರ್ಚೆಯಲ್ಲಿ ಆ ಕ್ಷಣಕ್ಕೇ ಕೊಂಡಿ ಕೊಡಬಹುದು, ‘ಪೂರ್ತಿ ನೋಡಿ’ ಎಂದು ಯಾರನ್ನೂ ಬೇಡಬೇಕಾಗಿಲ್ಲ.

ಧ್ವನಿಮುದ್ರಣದ ಬಗ್ಗೆ ಚಿಕ್ಕ ಮಾತು, ಮೂಡಲಪಾಯದವರಿಗೆ ಇದು ಮುಖ್ಯ. ಮುಖವೀಣೆಯ ಸದ್ದು ತೀಕ್ಷ್ಣವಾಗಿ ಬರುತ್ತದೆ. ಫೋನಿನ ತಾನಾಗಿ ಮಟ್ಟ ಹೊಂದಿಸಿಕೊಳ್ಳುವ ವ್ಯವಸ್ಥೆ ಅದು ನುಡಿದ ಕೂಡಲೇ ಒಟ್ಟು ಧ್ವನಿ ಇಳಿಸಿ ಪಾತ್ರಧಾರಿಯ ಮಾತನ್ನು ಹೂತುಬಿಡುತ್ತದೆ. ಬೇರೆ ರೆಕಾರ್ಡರ್ ಇದ್ದರೆ ಮಟ್ಟವನ್ನು ಕೈಯಿಂದ ಹೊಂದಿಸಿ, ಅತಿ ಜೋರಿನ ಕ್ಷಣ ಮೈನಸ್ 12 ಡೆಸಿಬಲ್ ಹತ್ತಿರ ಇರಲಿ, 48 ಕಿಲೋಹರ್ಟ್ಜ್, 24 ಬಿಟ್. ಹಿಮ್ಮೇಳ ಪಾತ್ರಧಾರಿಗಳ ಹಿಂದೆ ನಿಲ್ಲುವುದರಿಂದ ರೆಕಾರ್ಡರನ್ನು ರಂಗದ ಮುಂಭಾಗದಲ್ಲಿ, ಆಳೆತ್ತರದ ಕೋಲಿಗೆ ಕಟ್ಟಿ. ಧ್ವನಿವರ್ಧಕದ ಪೆಟ್ಟಿಗೆಯ ಎದುರಿಗೆ ಬೇಡ. ಕೇಳಲು ಹಿತವಾಗಿರುವ ಒಂದು ಮುದ್ರಣ ‘ಉಳಿಸಿ ಬೆಳೆಸಿ’ ಎಂಬ ಹತ್ತು ಕರೆಗಳಿಗಿಂತ ಹೆಚ್ಚು ಜನರನ್ನು ಕೂರಿಸುತ್ತದೆ.

ತೆರೆ_ಹಿಡಿಯುವವ

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ಸಾಲಿನ ಟ್ಯಾಗ್, ಧ್ವನಿ ಕಡತ, ವಾರದ ಒಟ್ಟು ವಿಷಯ ಮೂರನ್ನೂ ತರುತ್ತೇವೆ. ಇನ್ನೆರಡು ಸಂದೇಹ ಉಳಿದಿವೆ. ಹಳೆಯ ವಿಷಯಗಳನ್ನು ತಂತ್ರಾಂಶವೇ ಮೇಲೆ ತರುವ ಸೌಲಭ್ಯ ಬಳಸಬಹುದೇ, ಅದು ಕೃತಕ ಅನಿಸುತ್ತದೆಯೇ? ಮತ್ತು ಇದನ್ನೆಲ್ಲ ವರ್ಷದ ಯಾವ ಹೊತ್ತಿನಲ್ಲಿ ಶುರು ಮಾಡುವುದು ಒಳ್ಳೆಯದು?

ಲೆಕ್ಕದ_ಕಡತ

ಬಳಸಬಹುದು, ಮಿತವಾಗಿ. ವಿಭಾಗದ ಸೆಟ್ಟಿಂಗಿನಲ್ಲಿ ದಿನಕ್ಕೆ ಎಷ್ಟು ತೆರೆದ ವಿಷಯಗಳನ್ನು ತಾನಾಗಿ ಮೇಲೆತ್ತಬೇಕು ಎಂಬ ಅಂಕಿ ಇದೆ, 1 ಇಡಿ. ಅದೇ ವಿಷಯ ಮತ್ತೆ ಮೇಲೆ ಬರಲು ಕಾಯಬೇಕಾದ ದಿನಗಳ ಅಂಕಿಯನ್ನು 30 ಮಾಡಿ. ಅದು ಮೂಲದಲ್ಲಿ ಕಡಿಮೆ ಇರುತ್ತದೆ, ಹಾಗೇ ಬಿಟ್ಟರೆ ನಾಲ್ಕೈದು ವಿಷಯಗಳೇ ಸುತ್ತಿ ಸುತ್ತಿ ಕಾಣಿಸಿಕೊಂಡು ಓದುಗರು ಬೇಸರಪಡುತ್ತಾರೆ. ಇದನ್ನು ಆನ್ ಮಾಡುವ ಮೊದಲು ಉತ್ತರ ಬೇಡದ ವಿಷಯಗಳನ್ನು, ಅಂದರೆ ಮುಗಿದ ಆಟದ ಕರೆಯೋಲೆ, ಶ್ರದ್ಧಾಂಜಲಿ ಇವನ್ನು, ಮುಚ್ಚಿಬಿಡಿ. ಮೂರು ವರ್ಷದ ಹಿಂದಿನ ಶ್ರದ್ಧಾಂಜಲಿ ಇವತ್ತಿನ ಸುದ್ದಿಯಂತೆ ಮೇಲೆ ಬಂದರೆ ಮನೆಯವರಿಗೆ ನೋವಾಗುತ್ತದೆ.

ಆದರೆ ಯಂತ್ರ ಮೇಲೆತ್ತಿದ ವಿಷಯಕ್ಕಿಂತ ಮನುಷ್ಯ ಬರೆದ ಮೊದಲ ಉತ್ತರ ಹೆಚ್ಚು ಕೆಲಸ ಮಾಡುತ್ತದೆ. ನಾಲ್ಕು ಜನ ಸ್ವಯಂಸೇವಕರು ಸರದಿ ಹಾಕಿಕೊಳ್ಳಿ, ಒಬ್ಬರಿಗೆ ವಾರದಲ್ಲಿ ಎರಡು ದಿನ ಮೀರುವುದಿಲ್ಲ. ಕಡಿಮೆ ಗಮನದ ಟ್ಯಾಗ್ ಇರುವ ಹೊಸ ವಿಷಯಕ್ಕೆ 24 ಗಂಟೆಯೊಳಗೆ ಒಂದು ಉತ್ತರ. ‘ಚೆನ್ನಾಗಿದೆ’ ಎಂದಲ್ಲ, ವಿಷಯದೊಳಗಿನ ಒಂದು ವಿವರವನ್ನು ಹಿಡಿದು ಒಂದು ಪ್ರಶ್ನೆ ಕೇಳಬೇಕು, ಗೊತ್ತಿರುವ ಇನ್ನೊಬ್ಬ ಸದಸ್ಯರ ಹೆಸರನ್ನು ಉಲ್ಲೇಖಿಸಬೇಕು. ಹೆಸರು ಉಲ್ಲೇಖಿಸಿದರೆ ಅವರಿಗೆ ಸೂಚನೆ ಹೋಗುತ್ತದೆ, ಎರಡನೆಯ ಉತ್ತರಕ್ಕೆ ದಾರಿ ಅದೇ.

ಸಮಯ: ಪತ್ತನಾಜೆ ಕಳೆದ ಮೇಲೆ. ತುಳುವರ ಬೇಸ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಸುಮಾರಿಗೆ, ಕರಾವಳಿಯ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ನವೆಂಬರಿನವರೆಗೆ ಮಳೆಗಾಲದ ತಾಳಮದ್ದಳೆ, ನಗರಗಳ ಪ್ರದರ್ಶನ ಇರುತ್ತವಾದರೂ ದಿನಾ ರಾತ್ರಿಯ ಆಟದ ಒತ್ತಡ ಇರುವುದಿಲ್ಲ. ಮೊದಲ ಎಣಿಕೆಯನ್ನು ಏಪ್ರಿಲ್‌ನಲ್ಲೇ, ಒತ್ತಡ ಹೆಚ್ಚಿರುವಾಗ ಮಾಡಿಟ್ಟುಕೊಳ್ಳಿ. ಜೂನ್‌ನಿಂದ ಸೇತುವೆ ವಿಷಯ, ಧ್ವನಿ ಕಡತ ಶುರುವಾಗಲಿ. ಅಕ್ಟೋಬರಿನ ಎಣಿಕೆ ಎಷ್ಟು ಚೆನ್ನಾಗಿ ಬಂದರೂ ನಂಬಬೇಡಿ, ಅದು ಮೇಳಗಳಿಲ್ಲದ ಹೊತ್ತಿನ ಅಂಕಿ. ಹೋಲಿಸಬೇಕಾದದ್ದು ಮುಂದಿನ ಏಪ್ರಿಲ್‌ನೊಂದಿಗೆ.

ಬೆಳವಡಿ_ಹಲಗೆ

ಇನ್ನೊಂದು ಮಾತು ಬಿಟ್ಟಿತ್ತು. ನಮ್ಮ ಕಡೆ ಆಟ ಸುಗ್ಗಿ ಮುಗಿದ ಮ್ಯಾಲ, ಬ್ಯಾಸಗಿಯಾಗ. ನಿಮ್ಮ ಮೇಳದ ಗದ್ದಲಾನೂ ಆಗ. ಅದಕ್ಕ ಜನೆವರಿಯಿಂದ ಮೇ ತನಕ ಧ್ವನಿ, ಫೋಟೋ ಸುಮ್ಮ ಕೂಡಿಸಿ ಇಡ್ರಿ, ಹೆಸರು, ಊರು, ತಾರೀಖು ಕಡತದ ಹೆಸರಿನಾಗ ಬರದು. ಮಳಿ ಹತ್ತಿದ ಮ್ಯಾಲ ವಾರಕ್ಕ ಒಂದೊಂದ ಹೊರಗ ಬಿಡ್ರಿ. ಒಮ್ಮೆಲೆ ಇಪ್ಪತ್ತು ಹಾಕಿದ್ರ ಹತ್ತೊಂಬತ್ತಕ್ಕ ಉತ್ತರ ಬರೂದಿಲ್ಲ. ಹಾಕೂ ಹೊತ್ತು ರಾತ್ರಿ ಎಂಟೂವರಿ–ಒಂಬತ್ತು ಇರಲಿ, ಹೊಲದಿಂದ ಬಂದು ಉಂಡು ಮೊಬೈಲ್ ಹಿಡಿಯೂ ಹೊತ್ತು ಅದು. ಹಾಕಿದ ಕೂಡಲೆ ಕಲಾವಿದರಿಗೆ ಕೊಂಡಿ ಕಳಸ್ರಿ. ಅವರ ಮಕ್ಕಳು, ಮೊಮ್ಮಕ್ಕಳು ಓದಿ ಹೇಳ್ತಾರ, ಉತ್ತರ ಧ್ವನಿಯಾಗ ಬರ್ತದ.